ಮೊಟ್ಟೆ ಮುಟ್ಟದ ಮೇಷ್ಟರ ವಿಡಿಯೊ ಪಾಠ

೮ ಜುಲೈ ೨೦೨೪, ಸೋಮವಾರ

ಬಿ.ಪಿ. ನೋಡಿದ ಚಳ್ಳಕೆರೆಯ ಡಾಕ್ಟರು, ಮನಸ್ಸಿನಲ್ಲಿರುವುದನ್ನು ಒಳಗೇ ಇಟ್ಟುಕೊಳ್ಳಬೇಡಿ, ಯಾರಿಗಾದರೂ ಹೇಳಿ ಎಂದರು. ಹೆಂಡತಿ ಕಮಲಾಕ್ಷಮ್ಮನಿಗೆ ಹೇಳಿದರೆ ನನ್ನ ಬಿ.ಪಿ. ಇಳಿದು ಅವಳದು ಏರುತ್ತದೆ. ಸ್ಕೂಲಿನಲ್ಲಿ ಹೇಳಿದರೆ ಮೊಳಕಾಲ್ಮುರು ತಾಲ್ಲೂಕಿಗೆಲ್ಲ ಡಂಗುರ. ಆದ್ದರಿಂದ ಈ ಡೈರಿಗೆ ಹೇಳುತ್ತಿದ್ದೇನೆ. ಇದಕ್ಕೆ ಬಿ.ಪಿ.ಯೂ ಇಲ್ಲ, ಬಾಯಿಯೂ ಇಲ್ಲ.

ಇವತ್ತು ಹೇಳುವಂಥ ಸುದ್ದಿ ಇದೆ. ಹೆಡ್‌ಮಿಸ್ ದಾಕ್ಷಾಯಿಣಿ ಮೇಡಂ ಮೀಟಿಂಗಿನಲ್ಲಿ ಒಂದು ಸುತ್ತೋಲೆ ಓದಿದರು. ಪಾಠವನ್ನು ಮಕ್ಕಳೇ ವಿಡಿಯೊ ಮಾಡಿ ಕಲಿಯಬೇಕಂತೆ. ಒಳ್ಳೆಯ ವಿಡಿಯೊಗೆ ತಾಲ್ಲೂಕು ಮಟ್ಟದ ಬಹುಮಾನವಂತೆ. ಶಿಕ್ಷಕರದು ಮಾರ್ಗದರ್ಶನ ಮಾತ್ರವಂತೆ. ಯಾರು ವಹಿಸಿಕೊಳ್ಳುತ್ತೀರಿ ಎಂದು ಕೇಳಿದಾಗ ಕನ್ನಡದ ಮೇಷ್ಟ್ರು ಕಿಟಕಿ ನೋಡಿದರು, ಗಣಿತದವರು ಚಪ್ಪಲಿ ನೋಡಿಕೊಂಡರು. ವಿಜ್ಞಾನದ ಸೋಮಶೇಖರಪ್ಪ, ಅಂದರೆ ನಾನು, ಕೈ ಎತ್ತಿದೆ. ಮದುವೆ ಊಟದಲ್ಲಿ ಹೋಳಿಗೆಯವನನ್ನು ಕರೆಯುವ ಹಾಗೆ ಎತ್ತಿದೆ.

ನನ್ನ ಲೆಕ್ಕ ಬೇರೆ. ಬಹುಮಾನ ಬಂದರೆ ಪೇಪರಿನಲ್ಲಿ ಫೋಟೊ ಬರುತ್ತದೆ. ಫೋಟೊ ಬಂದರೆ ಚಳ್ಳಕೆರೆಯ ನಮ್ಮ ನೆಂಟರ ಬಾಯಿ ಮುಚ್ಚುತ್ತದೆ. ಅಪ್ಪನ ಎಣ್ಣೆ ಮಿಲ್ಲು ಬಿಟ್ಟು ಮೇಷ್ಟ್ರಾದವನು ಎಂದೇ ಇವತ್ತಿಗೂ ನನ್ನನ್ನು ತೋರಿಸುತ್ತಾರೆ, ಮನೆಯಲ್ಲಿರುವ ಕಾಯಿಲೆಯವನನ್ನು ತೋರಿಸುವ ಹಾಗೆ.

ಬರುವಾಗ ತಲೆಗೆ ಹಚ್ಚುವ ಕರಿ ಬಣ್ಣದ ಪ್ಯಾಕೆಟ್ ತಂದೆ. ವಿಡಿಯೊ ಮಾಡೋದು ಮಕ್ಕಳಲ್ಲವಾ ಎಂದು ಕಮಲಾಕ್ಷಮ್ಮ ಕೇಳಿದಳು. ಮಾರ್ಗದರ್ಶನಕ್ಕೂ ಒಂದು ಕಳೆ ಬೇಕು ಎಂದೆ. ಅವಳು ಪ್ಯಾಕೆಟ್ಟನ್ನು ಎತ್ತಿ ನೋಡಿ, ಹಳೇ ಟವೆಲ್ಲು ಹಾಕಿಕೊಳ್ಳಿ ಎಂದಷ್ಟೇ ಹೇಳಿ ಒಳಗೆ ಹೋದಳು.

೧೦ ಜುಲೈ, ಬುಧವಾರ

ಮೊದಲ ಶೂಟಿಂಗ್. ಒಂಬತ್ತನೇ ತರಗತಿ, ಜೀವಕೋಶದ ಪಾಠ, ಫೋನು ನನ್ನದೇ. ಕ್ಯಾಮೆರಾ ಕೆಲಸ ಪಾಲಾಕ್ಷ ಎಂಬ ಹುಡುಗನಿಗೆ ಕೊಟ್ಟೆ. ಲೆಕ್ಕದಲ್ಲಿ ಸೊನ್ನೆ, ರೀಲ್ಸ್ ಮಾಡುವುದರಲ್ಲಿ ಅವನಿಗೆ ಅವನೇ ಸಾಟಿ. ನಾನು ಇಸ್ತ್ರಿ ಅಂಗಿ ಹಾಕಿ, ಹಣೆಗೆ ವಿಭೂತಿ ತೆಳ್ಳಗೆ ಎಳೆದುಕೊಂಡು, ಬೋರ್ಡಿನ ಮುಂದೆ ನಿಂತೆ. ಮಕ್ಕಳನ್ನು ಹಿಂದೆ ಸಾಲಾಗಿ ನಿಲ್ಲಿಸಿ, ನಾನು ಹೇಳಿದ್ದಕ್ಕೆಲ್ಲ ತಲೆ ಆಡಿಸಿ ಎಂದೆ. ಆಡಿಸಿದರು. ಆ ಕೆಲಸ ಅವರಿಗೆ ಒಂದನೇ ಕ್ಲಾಸಿನಿಂದ ರೂಢಿ.

ಪಾಲಾಕ್ಷ ಎರಡು ಸಲ ನಿಲ್ಲಿಸಿ, ಸಾರ್ ನೀವು ಒಂಚೂರು ಸರಿದರೆ ಬೋರ್ಡ್ ಕಾಣುತ್ತದೆ ಎಂದ. ಬೋರ್ಡ್ ಎಲ್ಲ ಸ್ಕೂಲಿನಲ್ಲೂ ಇರುತ್ತದೆ ಕಣೋ ಎಂದು ಗದರಿಸಿದೆ.

ಮಧ್ಯಾಹ್ನ ಅದನ್ನು ಮೇಡಂಗೆ ತೋರಿಸಿದೆ. ಕನ್ನಡಕ ಏರಿಸಿ ಪೂರ್ತಿ ನೋಡಿದರು. ಆಮೇಲೆ ಸಮಾಧಾನವಾಗಿಯೇ, "ಸಾರ್, ಇದರಲ್ಲಿ ಮಕ್ಕಳು ಎಲ್ಲಿ?" ಎಂದು ಕೇಳಿದರು. ನಾನು ಪರದೆಯ ಮೇಲೆ ಬೆರಳಿಟ್ಟು ತೋರಿಸಿದೆ. ನನ್ನ ಮೊಣಕೈ ಹಿಂದೆ ಇಬ್ಬರು, ಭುಜದ ಹಿಂದೆ ಒಬ್ಬಳ ಜಡೆ.

ಮತ್ತೆ ಮಾಡಿ ಎಂದರು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ; ನಾನು ಫೋನಿನ ಲೆನ್ಸು ಸರಿಯಿಲ್ಲ ಎಂದು ಹೇಳಿ ಬಂದೆ.

೧೫ ಜುಲೈ, ಸೋಮವಾರ

ಮೇಡಂ ಮಾತಿಗೆ ಬೇಸರ ಮಾಡಿಕೊಂಡು, ಹಾಗಾದರೆ ನೀವೇ ನಿಮ್ಮ ಮನೆಯಲ್ಲಿ ಯಾರ ಫೋನಿನಲ್ಲಾದರೂ ಮಾಡಿಕೊಂಡು ಬನ್ನಿ, ಆಗ ಗೊತ್ತಾಗುತ್ತದೆ ಕಷ್ಟ ಎಂದು ಮಕ್ಕಳಿಗೆ ಹೇಳಿಬಿಟ್ಟಿದ್ದೆ. ಇವತ್ತು ತಂದರು. ಕೆಲವರು ಪುಸ್ತಕವನ್ನು ಕ್ಯಾಮೆರಾದ ಮುಂದೆ ಹಿಡಿದು ಪುಟ ತಿರುಗಿಸಿದ್ದರು. ಮೂರು ಹುಡುಗರು ನನ್ನ ಹಾಗೆಯೇ ಹೊಟ್ಟೆ ಮುಂದೆ ಮಾಡಿ, ಬೆನ್ನಿಗೆ ಕೈ ಕಟ್ಟಿ ನಡೆದಿದ್ದರು. ಅದು ಪಾಠವೋ ಅಣಕವೋ ನಾನು ವಿಚಾರಿಸಲಿಲ್ಲ.

ಮಾಲಾ ಎಂಬ ಹುಡುಗಿ ಇದ್ದಾಳೆ. ಊರಾಚೆಯ ಮ್ಯಾಸನಾಯಕರ ಹಟ್ಟಿಯವಳು, ಮನೆಯಲ್ಲಿ ತೆಲುಗು. ತರಗತಿಯಲ್ಲಿ ಎಬ್ಬಿಸಿ ನಿಲ್ಲಿಸಿದರೆ ನೆಲ ನೋಡುತ್ತಾಳೆ, ಇಷ್ಟು ದಿನ ಅವಳಿಗೆ ಏನೂ ಬರುವುದಿಲ್ಲ ಎಂದುಕೊಂಡಿದ್ದೆ. ಅವಳ ವಿಡಿಯೊದಲ್ಲಿ ಕಲ್ಲುಗುಡ್ಡದ ಕೆಳಗೆ ಮುಳ್ಳಿನ ಬೇಲಿ ಹಾಕಿದ ದೊಡ್ಡದೊಂದು ರೊಪ್ಪ. ಒಳಗೆ ದೇವರಿಗೆ ಬಿಟ್ಟ ಎತ್ತುಗಳು. ಬಾಗಿಲಲ್ಲಿ ಕೋಲು ಹಿಡಿದು ಕೂತ ಮುದುಕ. ಮಾಲಾ ನೆಲ ನೋಡದೆ ನೇರ ನನ್ನನ್ನೇ ನೋಡಿ ಹೇಳುತ್ತಾಳೆ: "ಈ ಬೇಲಿ ಕೋಶಭಿತ್ತಿ. ಗಟ್ಟಿಯಾಗಿ ನಿಂತೈತೆ. ಬಾಗಿಲಾಗೆ ಕುಂತಿರೋನು ನಮ್ ತಾತ ಪೆದ್ದಣ್ಣ. ಅವನು ಪೊರೆ. ಚಪ್ಪಲಿ ಬಿಟ್ಟು ಬಂದೋರನ್ನ ಒಳಗೆ ಬಿಡ್ತಾನೆ, ಹಾಕ್ಕಂಡು ಬಂದೋರನ್ನ ಬಿಡಲ್ಲ. ಬೇಕಾದ್ದು ಒಳಗೆ, ಬ್ಯಾಡಾದ್ದು ಹೊರಗೆ." ಕೊನೆಗೆ ಮುದುಕ ಕ್ಯಾಮೆರಾ ಕಡೆ ತಿರುಗಿ, ಅಯಿಪೋಯಿಂದಾ ಎಂದು ಕೇಳುತ್ತಾನೆ. ಮುಗೀತು ತಾತ ಎನ್ನುತ್ತಾಳೆ.

ನಾನು ಇದನ್ನೇ 'ಅರೆಪ್ರವೇಶಸಾಧ್ಯ ಪೊರೆ' ಎಂದು ಬೋರ್ಡಿನ ಮೇಲೆ ಬರೆದು, ಕೆಳಗೆ ಎರಡು ಗೆರೆ ಎಳೆದು, ನೆಮ್ಮದಿಯಾಗಿ ಸಂಬಳ ತೆಗೆದುಕೊಳ್ಳುತ್ತ ಬಂದವನು. ಹೊಟ್ಟೆಕಿಚ್ಚಾಯಿತು ಎಂದು ಇಲ್ಲಿ ಬರೆದರೆ ಯಾರೂ ಓದುವುದಿಲ್ಲ. ಆಯಿತು.

ಆದರೆ ಬಹುಮಾನದ ಆಸೆ ಹೊಟ್ಟೆಕಿಚ್ಚಿಗಿಂತ ದೊಡ್ಡದು. ಮುಂದಿನ ವಿಡಿಯೊದಲ್ಲಿ ಈ ಹುಡುಗಿಯನ್ನೇ ಮುಂದೆ ನಿಲ್ಲಿಸುವುದು, ಪ್ರಯೋಗ ನಾನು ಆರಿಸುವುದು ಎಂದು ತೀರ್ಮಾನಿಸಿದೆ.

೧೯ ಜುಲೈ, ಶುಕ್ರವಾರ

ಪ್ರಯೋಗ ಆರಿಸಿದೆ. ಅಭಿಸರಣೆ. ತೆಳು ಪೊರೆಯ ಮೂಲಕ ನೀರು ತಾನಾಗಿ ಒಳಗೆ ಹೊರಗೆ ಓಡಾಡುವುದು. ಹಸಿ ಮೊಟ್ಟೆಯನ್ನು ಸಾರ ಕಡಿಮೆ ಮಾಡಿದ ಆಮ್ಲದಲ್ಲಿಟ್ಟರೆ ಚಿಪ್ಪು ಕರಗಿ ಪೊರೆ ಮಾತ್ರ ಉಳಿಯುತ್ತದೆ. ಅದನ್ನು ಬರೀ ನೀರಿನಲ್ಲಿಟ್ಟರೆ ಉಬ್ಬುತ್ತದೆ, ಉಪ್ಪುನೀರಿನಲ್ಲಿಟ್ಟರೆ ಸೊರಗುತ್ತದೆ. ಕ್ಯಾಮೆರಾಕ್ಕೆ ಹೇಳಿ ಮಾಡಿಸಿದ ಹಾಗಿದೆ.

ಈ ಪಾಠವನ್ನು ಬೋರ್ಡಿನ ಮೇಲೆ ಮೊಟ್ಟೆಯ ಚಿತ್ರ ಬರೆದೇ ಮುಗಿಸುತ್ತ ಬಂದಿದ್ದೇನೆ. ನಮ್ಮದು ಲಿಂಗ ಕಟ್ಟಿದ ಮನೆ. ಮೊಟ್ಟೆಯನ್ನು ಈ ಜನ್ಮದಲ್ಲಿ ಮುಟ್ಟಿಲ್ಲ. ಬಿಸಿಯೂಟದಲ್ಲಿ ಮೊಟ್ಟೆ ಕೊಡುವ ದಿನ, ಬೇಡ ಎನ್ನುವವರಿಗೆ ಬಾಳೆಹಣ್ಣು. ಆ ಸಾಲಿನಲ್ಲಿ ನಾನೂ ನಿಲ್ಲುತ್ತೇನೆ, ಹಟ್ಟಿಯ ಮಕ್ಕಳೂ ನಿಲ್ಲುತ್ತಾರೆ.

ಪಾಲಾಕ್ಷ ಅಡುಗೆಮನೆಯಿಂದ ಮೊಟ್ಟೆ ತಂದ. ಮಾಲಾ ಕೈ ಹಿಂದೆ ಇಟ್ಟುಕೊಂಡಳು. "ಸಾರ್, ನಮ್ ಹಟ್ಟ್ಯಾಗೆ ಕೋಳಿ ಸಾಕಲ್ಲ, ಮೊಟ್ಟೆ ಮುಟ್ಟಂಗಿಲ್ಲ. ತಾತ ದೇವರ ಎತ್ತು ಕಾಯ್ತಾನೆ" ಎಂದಳು.

ಆಗ ನನ್ನೊಳಗಿನ ಭಾಷಣಕಾರ ಎದ್ದು ಕೂತ. ಇದೆಲ್ಲ ಮೌಢ್ಯ ಎಂದೆ. ವಿಜ್ಞಾನಕ್ಕೆ ಮಡಿ ಮೈಲಿಗೆ ಇಲ್ಲ ಎಂದೆ. ತಿನ್ನು ಎಂದೆನಾ, ಮುಟ್ಟು ಎಂದೆ ಅಷ್ಟೆ, ಇಷ್ಟಕ್ಕೇ ಹೆದರಿದರೆ ನಾಳೆ ನರ್ಸ್ ಆಗುತ್ತೀಯಾ, ಡಾಕ್ಟರ್ ಆಗುತ್ತೀಯಾ ಎಂದೆ. ಮಾಲಾ ಕೈ ಮುಂದೆ ಮಾಡಿ ಮೊಟ್ಟೆ ತೆಗೆದುಕೊಂಡಳು. ವೈಜ್ಞಾನಿಕ ಮನೋಭಾವ ಬೆಳೆಸುವುದು ಎಂದರೆ ಇದು ಎಂದು ನನಗೇ ಎದೆ ಉಬ್ಬಿತು.

ಬೆಳಕು ಚೆನ್ನಾಗಿ ಬರಲಿ ಎಂದು ನಾನು ಬಾಗಿಲ ಹತ್ತಿರ ನಿಂತಿದ್ದೆ.

೨೦ ಜುಲೈ, ಶನಿವಾರ

ಚಿಪ್ಪು ಕರಗಿ, ಮೊಟ್ಟೆ ಉಬ್ಬಿ, ವಿಡಿಯೊ ಮುಗಿಯಿತು. ಪಾಲಾಕ್ಷ ಅರ್ಧ ಗಂಟೆಯಲ್ಲಿ ಕತ್ತರಿಸಿ ಜೋಡಿಸಿ ಹಾಡು ಬೇರೆ ಹಾಕಿದ. ಹಾಡು ತೆಗೆಸಿದೆ. ಪೂರ್ತಿ ನೋಡುವಷ್ಟು ತಾಳ್ಮೆ ಎಲ್ಲಿಯದು? ಮೊದಲು ಪೋಷಕರ ಗ್ರೂಪಿಗೆ ಹಾಕಿದೆ. ನಂತರ ನೆಂಟರ ಗ್ರೂಪಿಗೆ, ನಂತರ ಬ್ಯಾಚಿನವರ ಗ್ರೂಪಿಗೆ. ಹೆಬ್ಬೆರಳುಗಳು, ಚಪ್ಪಾಳೆಗಳು ಬಂದವು.

ಮನೆಗೆ ಬಂದು ಕಮಲಾಕ್ಷಮ್ಮನಿಗೂ ತೋರಿಸಿದೆ. ಒಲೆ ಸಣ್ಣ ಮಾಡಿ ನೋಡಿದಳು. "ರೀ, ಹಿಂದೆ ಬಾಗಿಲ ಹತ್ರ ಮೂಗಿಗೆ ಕರ್ಚೀಫ್ ಹಿಡಕೊಂಡು ನಿಂತಿರೋದು ಯಾರು?" ಎಂದು ಕೇಳಿದಳು.

ಯಾರು ಎಂದರೆ! ಮಾಲಾ ಚಿಪ್ಪು ಕಳೆದ ಮೊಟ್ಟೆಯನ್ನು ಅಂಗೈಯಲ್ಲಿಟ್ಟುಕೊಂಡು, ನೋಡ್ರಿ ಸಾರ್ ಎಂದು ನನ್ನ ಕಡೆ ಬರುತ್ತಾಳೆ. ನಾನು ಒಂದು ಹೆಜ್ಜೆ ಹಿಂದೆ ಹೋಗುತ್ತೇನೆ. ಅವಳು ಇನ್ನೊಂದು ಹೆಜ್ಜೆ ಬರುತ್ತಾಳೆ. ನಾನು ಬೆನ್ನು ಬಾಗಿಲಿಗೆ ತಾಗುವ ತನಕ ಹೋಗಿ, ದೂರದಿಂದಲೇ ಭೇಷ್ ಭೇಷ್ ಎಂದು ಕರ್ಚೀಫಿನೊಳಗಿಂದ ಹೇಳುತ್ತೇನೆ. ಪಾಲಾಕ್ಷ ಒಳ್ಳೆಯ ಕ್ಯಾಮೆರಾಮನ್, ಒಂದನ್ನೂ ಬಿಟ್ಟಿಲ್ಲ. ಮಾಲಾ ಅಲ್ಲೇ ನಿಂತು ನನ್ನ ಕರ್ಚೀಫನ್ನು ನೋಡುವುದೂ ಬಂದಿದೆ.

ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ. ಅಳಿಸೋಣವೆಂದರೆ ಅಷ್ಟರಲ್ಲಿ ಎಲ್ಲರೂ ನೋಡಿಯಾಗಿತ್ತು. ಒಬ್ಬ ನೆಂಟ 'ಮೇಷ್ಟ್ರೇ, ಹುಷಾರು, ಕಚ್ಚೀತು' ಎಂದು ಬರೆದಿದ್ದ.

೨೨ ಜುಲೈ, ಸೋಮವಾರ

ಮಾಲಾ ಬಂದಿಲ್ಲ.

ಪಾಲಾಕ್ಷನನ್ನು ಕೇಳಿದೆ. ವಿಡಿಯೊ ಹಟ್ಟಿಗೂ ಹೋಗಿದೆ. ಮನೆಯ ಹುಡುಗಿ ಮೊಟ್ಟೆ ಮುಟ್ಟಿದ್ದಾಳೆಂದು ಮನೆಮಂದಿಯೆಲ್ಲ ತಲೆಗೆ ನೀರು ಹಾಕಿಕೊಂಡು, ಮನೆ ಸಾರಿಸಿ, ಗಂಜಲ ಚಿಮುಕಿಸಿಕೊಂಡರಂತೆ. ಅದಾಗುವ ತನಕ ಪೆದ್ದಣ್ಣ ಎತ್ತುಗಳ ಹತ್ತಿರ ಹೋಗದೆ ಬೇಲಿಯ ಹೊರಗೆ ಕೂತಿದ್ದನಂತೆ. ಎತ್ತುಗಳ ಕಾವಲು ಬಿಟ್ಟು ಅವನು ಹಾಗೆ ಹೊರಗೆ ಕೂತಿದ್ದನ್ನು ಹಿಂದೆಂದೂ ಯಾರೂ ನೋಡಿಲ್ಲವಂತೆ.

ಪಾಲಾಕ್ಷ ಇದನ್ನೆಲ್ಲ ನನ್ನ ಶೂ ನೋಡುತ್ತ ಹೇಳಿದ.

೨೪ ಜುಲೈ, ಬುಧವಾರ

ಬಂದಿಲ್ಲ. ಪಾಠ ಮಾಡಿದೆ. ಏನು ಮಾಡಿದೆನೋ.

೨೬ ಜುಲೈ, ಶುಕ್ರವಾರ

ದಾಕ್ಷಾಯಿಣಿ ಮೇಡಂ ಕರೆಸಿದರು. ಬೈಯಲಿಲ್ಲ, ಅದೇ ಕಷ್ಟವಾಯಿತು. ಮಾಲಾ ಇನ್ನು ಬರುವುದಿಲ್ಲವಂತೆ. ಶ್ರಾವಣ ಹುಟ್ಟಿದ ದಿನ ಮೊಳಕಾಲ್ಮುರಿನ ಚಿಕ್ಕಮ್ಮನ ಮನೆಗೆ ಹೋಗಿ ರೇಷ್ಮೆ ಮಗ್ಗದ ಕೆಲಸ ಕಲಿಯುತ್ತಾಳಂತೆ. ಹತ್ತನೇ ತರಗತಿಗೆ ಇನ್ನೊಂದೇ ವರ್ಷ ಇರುವಾಗ ಹೀಗಾದರೆ ಹೇಗೆ, ನೀವು ಹೋಗಿ ಕರೆದುಕೊಂಡು ಬನ್ನಿ ಸಾರ್ ಎಂದರು. ಶ್ರಾವಣಕ್ಕೆ ಉಳಿದಿರುವುದು ಮುಂದಿನ ವಾರ ಒಂದೇ.

ಹೋಗುತ್ತೇನೆ ಎಂದೆ. ಸಂಜೆ ಬೈಕು ಹಟ್ಟಿಯ ಕಡೆ ತಿರುಗಬೇಕಿತ್ತು, ತಾನಾಗಿ ಮನೆಯ ಕಡೆಯ ಚಳ್ಳಕೆರೆ ರಸ್ತೆ ಹಿಡಿಯಿತು. ಪಾಪ, ಬೈಕಿಗೂ ನಾಚಿಕೆ ಇರುತ್ತದೆ.

ಮನೆಯಲ್ಲಿ ಟಯರಿನಲ್ಲಿ ಗಾಳಿ ಕಡಿಮೆ ಇತ್ತು ಎಂದೆ. ಕೇಳಿದವರು ಯಾರೂ ಇರಲಿಲ್ಲ.

೨೮ ಜುಲೈ, ಭಾನುವಾರ

ಹೋದೆ.

ಪೆದ್ದಣ್ಣ ರೊಪ್ಪದ ಬಾಗಿಲಲ್ಲೇ ಇದ್ದ. ರಾಂಡಿ ಸಾರ್, ಕೂಚೋಂಡಿ ಎಂದು ತೆಲುಗಿನಲ್ಲೇ ಕರೆದು, ಕೂರಲು ಕಂಬಳಿ ಹಾಸಿದ. ಬೈಯುತ್ತಾನೆ ಎಂದು ದಾರಿಯುದ್ದಕ್ಕೂ ಉತ್ತರ ಜೋಡಿಸಿಕೊಂಡು ಹೋಗಿದ್ದೆ. ಸಂವಿಧಾನದಲ್ಲಿ ವೈಜ್ಞಾನಿಕ ಮನೋಭಾವದ ಬಗ್ಗೆ ಏನಿದೆ ಎಂಬುದನ್ನೂ ಓದಿಕೊಂಡಿದ್ದೆ. ಅವನು ಬೈಯಲೇ ಇಲ್ಲ. ಮೈಲಿಗೆಯ ವಿಷಯ ಕೇಳಿದರೆ, ಅದು ಅವತ್ತೇ ಮುಗೀತು ಸಾರ್, ನೀರು ಹಾಕ್ಕಂಡ್ವಿ, ಎತ್ತಿಗೆ ಕೈಮುಗಿದ್ವಿ, ದೇವರೇನು ನಮ್ಮಷ್ಟು ಸಿಟ್ಟಿನೋನಲ್ಲ ಎಂದ. ಹಾಗಾದರೆ ಸ್ಕೂಲಿಗೆ ಯಾಕೆ ಕಳಿಸುತ್ತಿಲ್ಲ ಎಂದೆ.

"ನಾನೆಲ್ಲಿ ಬ್ಯಾಡ ಅಂದೆ? ಅವಳೇ ಬರಲ್ಲ ಅಂತಾಳೆ. ಒಂದು ಮಾತು ಕೇಳ್ತೀನಿ, ತಪ್ಪು ತಿಳ್ಕಾಬ್ಯಾಡ್ರಿ. ನಿಮಗೆ ಮುಟ್ಟಾಕೆ ಆಗದ್ದನ್ನ ನಮ್ ಹುಡುಗಿ ಕೈಯಾಗೆ ಯಾಕೆ ಮುಟ್ಟಿಸಿದ್ರಿ?"

ಸಂವಿಧಾನ ನೆನಪಿಗೆ ಬರಲಿಲ್ಲ.

ಮಾಲಾ ಟೀ ತಂದಳು. ಬಾರಮ್ಮ ಸ್ಕೂಲಿಗೆ ಎಂದೆ. ಲೋಟ ಇಟ್ಟು ನಿಂತಳು. ಸ್ಕೂಲಿನಲ್ಲಿ ನೆಲ ನೋಡುವವಳು ಇವತ್ತು ನನ್ನನ್ನೇ ನೋಡಿದಳು. "ಎಲ್ಲರ ಮುಂದೆ ನನಗೆ ಮೌಢ್ಯ ಅಂದ್ರಿ ಸಾರ್. ನಾನು ಹೌದೇನೋ ಅಂದ್ಕಂಡೆ. ತಾತನ್ನ ಬಿಟ್ಟು ನಿಮ್ಮ ಮಾತು ಕೇಳಿದೆ. ನೀವು ನೋಡಿದ್ರೆ ಬಾಗಿಲ ಹತ್ರ ನಿಂತಿದ್ರಿ." ಇಷ್ಟು ಹೇಳಿ ಒಳಗೆ ಹೋದಳು.

ನಾನು ಟೀ ಕುಡಿದೆ. ಬಿಸಿ ಇತ್ತು, ಹಾಗೇ ಕುಡಿದುಬಿಟ್ಟೆ. ನಾಲಿಗೆ ಸುಟ್ಟಿದೆ. ಊರಿಗೆಲ್ಲ ಶಕುನ ಹೇಳುವ ಹಲ್ಲಿ ತಾನೇ ಬಾನಿಯ ನೀರಿಗೆ ಬಿತ್ತಂತೆ. ಬಿದ್ದ ಹಲ್ಲಿಯನ್ನು ಯಾರಾದರೂ ಎತ್ತಿ ಹಾಕಿದರೋ ಇಲ್ಲವೋ, ಆ ಗಾದೆಯಲ್ಲಿ ಇಲ್ಲ.

೧ ಆಗಸ್ಟ್, ಗುರುವಾರ

ಇವತ್ತು ಒಂಬತ್ತನೇ ತರಗತಿಯಲ್ಲಿ ಪುಸ್ತಕ ತೆಗೆಯುವ ಮೊದಲು ಹೇಳಿಬಿಟ್ಟೆ. ಹೇಳಬೇಕೆಂದು ಹೋಗಿರಲಿಲ್ಲ. ಮಾಲಾಳ ಬೆಂಚು ಖಾಲಿ ಇತ್ತು, ಕಣ್ಣು ಅಲ್ಲಿಗೇ ಹೋಯಿತು, ಬಾಯಿ ಶುರುವಾಯಿತು. ಮೊಟ್ಟೆ ಮುಟ್ಟಲು ನನಗೂ ಆಗುವುದಿಲ್ಲ, ಈ ತನಕ ಮುಟ್ಟಿಲ್ಲ ಎಂದೆ. ಗೊತ್ತು ಸಾರ್, ವಿಡಿಯೊದಲ್ಲಿ ಐತೆ ಎಂದ ಪಾಲಾಕ್ಷ. ಯಾರೋ ಕಿಸಕ್ಕೆಂದರು. ನಗಲಿ ಬಿಡು ಎಂದು ಮುಂದುವರಿಸಿದೆ. ನನಗೆ ಆಗದ್ದನ್ನು ಮಾಲಾ ಕೈಯಲ್ಲಿ ಮಾಡಿಸಿದೆ, ಮೇಲೆ ಅವಳಿಗೇ ಮೌಢ್ಯ ಎಂದೆ, ಅದು ತಪ್ಪು, ಅವಳು ಬರದೆ ಇರುವುದು ನನ್ನಿಂದ ಎಂದೆ. ಆಮೇಲೆ ಹಾಜರಿ ಕರೆದೆ.

ವಿಡಿಯೊವನ್ನು ಎಲ್ಲ ಗ್ರೂಪಿನಿಂದಲೂ ಅಳಿಸಿದೆ. ಸ್ಪರ್ಧೆಗೆ ಏನು ಕಳಿಸುತ್ತೀರಿ ಎಂದು ಮೇಡಂ ಕೇಳಿದರು. ಏನೂ ಇಲ್ಲ ಮೇಡಂ ಎಂದೆ.

೨ ಆಗಸ್ಟ್, ಶುಕ್ರವಾರ

ಆ ಪಾಲಾಕ್ಷನ ಕಿವಿ ಹಿಂಡಬೇಕು. ಅಥವಾ ಅವನಿಗೆ ಹೋಳಿಗೆ ಊಟ ಹಾಕಿಸಬೇಕು, ಯಾವುದೆಂದು ಇನ್ನೂ ತೀರ್ಮಾನವಾಗಿಲ್ಲ. ನಿನ್ನೆ ನಾನು ಮಾತಾಡುವಾಗ ಅವನು ಬೆಂಚಿನ ಕೆಳಗೆ ಫೋನು ಇಟ್ಟುಕೊಂಡು ಅಷ್ಟನ್ನೂ ರೆಕಾರ್ಡ್ ಮಾಡಿ ಮಾಲಾಳ ಅಮ್ಮನ ಫೋನಿಗೆ ಕಳಿಸಿದ್ದಾನೆ. ಸ್ಕೂಲಿಗೆ ಫೋನು ತಂದದ್ದಕ್ಕೆ ಶಿಕ್ಷೆ ಕೊಡುವ ಅಧಿಕಾರ ನನಗಿದೆ. ಮುಖ ಮಾತ್ರ ಇಲ್ಲ.

ಇವತ್ತು ಅದಕ್ಕೆ ನನ್ನ ಫೋನಿಗೇ ಉತ್ತರ ಬಂತು. ಉತ್ತರವೂ ವಿಡಿಯೊನೇ. ಮಾಲಾ ಹಟ್ಟಿಯ ಕಟ್ಟೆಯ ಮೇಲೆ ಕೂತಿದ್ದಾಳೆ. ಕೈಯಲ್ಲಿ ಬಲೂನಿನಂಥ ಬೂದುಬಣ್ಣದ್ದೊಂದು ಏನೋ. "ಸಾರ್, ಇದು ಮ್ಯಾಕೆ ಉಚ್ಚೆ ಚೀಲ. ನಮಗೆ ಕೋಳಿ ಆಗಲ್ಲ, ಮ್ಯಾಕೆ ಆಗ್ತೈತೆ. ಮ್ಯಾಕೆ ಕೊಯ್ದಾಗ ಇದನ್ನ ತೊಳ್ದು, ಗಾಳಿ ಊದಿ ಹುಡುಗ್ರು ಆಡ್ತಾವೆ. ಇದೂ ಪೊರೆನೇ ಅಲ್ವಾ? ಒಳಗೆ ಬೆಲ್ಲದ ನೀರು ತುಂಬಿ, ಬಾಯಿ ಕಟ್ಟಿ, ನೀರಾಗೆ ಇಟ್ರೆ ಉಬ್ತೈತಾ? ನನಗೆ ನೋಡ್ಬೇಕು." ಅದನ್ನು ಕ್ಯಾಮೆರಾ ಕಡೆ ಚಾಚಿ, "ಆದ್ರೆ ಈ ಸಲ ನೀವು ಹಿಡೀಬೇಕು. ಹಿಡಿಯಂಗಿದ್ರೆ ಸೋಮವಾರ ಬರ್ತೀನಿ. ಇಲ್ಲಾಂದ್ರೆ ಮೊಳಕಾಲ್ಮುರಿಗೆ ಹೋಗ್ತೀನಿ" ಎಂದಳು.

ಆಚೆಯಿಂದ ಪೆದ್ದಣ್ಣನ ದನಿ ಕೇಳುತ್ತದೆ. "ಅಂಗೆಲ್ಲ ಕೇಳಬಾರ್ದಮ್ಮ. ಅವ್ರದು ಬೇರೆ ಮನೆ."

"ನಂದೂ ಬೇರೆ ಮನೆನೇ ಅಲ್ವಾ ತಾತ" ಎನ್ನುತ್ತಾಳೆ. ವಿಡಿಯೊ ಅಲ್ಲಿಗೆ ನಿಲ್ಲುತ್ತದೆ.

ಮೊಟ್ಟೆಯಾದರೂ ಮೇಲಿಂದ ಬಿಳಿ ಬಿಳಿಯಾಗಿ ಇರುತ್ತದೆ. ಇದು ಮೇಕೆಯದು, ಅದರಲ್ಲೂ ಉಚ್ಚೆ ಚೀಲ, ಅದೂ ಶ್ರಾವಣ ಸೋಮವಾರ. ಹುಡುಗಿ ಹುಡುಕಿ ಹುಡುಕಿ ಹಿಡಿದಿದ್ದಾಳೆ.

ಉಬ್ಬುತ್ತದೆಯೇ? ನನಗೂ ಗೊತ್ತಿಲ್ಲ. ಒಂಬತ್ತನೇ ತರಗತಿ ಪುಸ್ತಕದಲ್ಲಿಲ್ಲ. ಸಂಜೆಯೆಲ್ಲ ಅದೇ ಯೋಚನೆ. ಒಣಗಿದ್ದರೆ ನೀರು ಬಿಡುವುದು ಕಷ್ಟ, ನೆನೆಸಬೇಕಾಗುತ್ತದೆ. ಬೆಲ್ಲ ಗಟ್ಟಿಯಾಗಿ ಕರಗಿಸಬೇಕು. ಊಟಕ್ಕೆ ಕೂತಾಗ ಸಾರಿನಲ್ಲಿ ಬೆರಳಾಡಿಸುತ್ತ ಇದನ್ನೇ ಯೋಚಿಸುತ್ತಿದ್ದೆನಂತೆ. ಕಮಲಾಕ್ಷಮ್ಮ ಎರಡು ಸಲ ಅನ್ನ ಬೇಕಾ ಎಂದು ಕೇಳಿದಳಂತೆ.

೩ ಆಗಸ್ಟ್, ಶನಿವಾರ

ಕಮಲಾಕ್ಷಮ್ಮನಿಗೆ ಹೇಳಿದೆ. ಹೇಳದೆ ಮಾಡಿ ಬಂದರೆ ಪಾಲಾಕ್ಷ ಹೇಗೂ ಜಗತ್ತಿಗೆ ತೋರಿಸುತ್ತಾನೆ. ಶ್ರಾವಣಕ್ಕೆಂದು ದೇವರ ಸಾಮಾನನ್ನೆಲ್ಲ ಹುಣಸೆಹಣ್ಣು ಹಚ್ಚಿ ಉಜ್ಜುತ್ತಿದ್ದಳು. ಮೇಕೆಯ ಉಚ್ಚೆ ಚೀಲ ಎಂಬ ಮಾತನ್ನು ಅವಳ ಮುಂದೆ, ಆ ಪಂಚಪಾತ್ರೆಯ ಮುಂದೆ, ಪಿಸುದನಿಯಲ್ಲೇ ಹೇಳಿದೆ. ಹುಡುಗಿಯ ವಿಡಿಯೊ ತೋರಿಸಿದೆ.

ರಾದ್ಧಾಂತ ಮಾಡುತ್ತಾಳೆಂದು ಕಾದೆ. ಮಾಡಿದ್ದರೆ ಒಳ್ಳೆಯದಿತ್ತು. ಹೆಂಡತಿ ಬೇಡ ಎಂದಳು, ನಾನೇನು ಮಾಡಲಿ ಎಂದು ಮಾಲಾಗೆ ಹೇಳಬಹುದಿತ್ತು. ಒಳಗೆ ಎಲ್ಲೋ ಅದನ್ನೇ ಕಾಯುತ್ತಿದ್ದೆ, ಡೈರಿಯ ಹತ್ತಿರ ಸುಳ್ಳು ಯಾಕೆ?

ಅವಳು ತಂಬಿಗೆ ತೊಳೆದು ಬೋರಲು ಹಾಕಿದಳು. "ಆ ಹುಡುಗಿ ಮನೆಯವರು ನೀವು ಮಾಡಿಸಿದ್ದಕ್ಕೆ ತಲೆಗೆ ನೀರು ಹಾಕ್ಕೊಂಡ್ರಲ್ಲ, ನೀವೂ ಬಂದು ಹಾಕ್ಕೊಳ್ಳಿ. ಹಂಡೆ ತುಂಬ ಕಾಸಿಟ್ಟಿರ್ತೀನಿ" ಎಂದಳು. ಹಿಡಿಯುತ್ತೇನೆ, ಬಾ ಎಂದು ಮಾಲಾಳ ಅಮ್ಮನ ಫೋನಿಗೆ ಬರೆದು ಕಳಿಸಿದೆ.

೫ ಆಗಸ್ಟ್, ಶ್ರಾವಣ ಸೋಮವಾರ

ಪ್ರಾರ್ಥನೆ ಮುಗಿದರೂ ಮಾಲಾ ಬಂದಿರಲಿಲ್ಲ. ಮೊದಲ ಪಿರಿಯಡ್ ಮುಗಿದರೂ ಇಲ್ಲ. ಮೊಳಕಾಲ್ಮುರಿನ ಬಸ್ಸು ಗೇಟಿನ ಮುಂದೆಯೇ ಹೋಗುತ್ತದೆ. ನಾನು ಎಂಟನೇ ತರಗತಿಯಲ್ಲಿ ಪಾಠ ಮಾಡುತ್ತ ಕಿಟಕಿಯಿಂದ ಆ ಬಸ್ಸಿನ ಒಂದೊಂದು ಕಿಟಕಿ ನೋಡಿದೆ. ಕಾಣಲಿಲ್ಲ. ಕಾಣದ್ದು ಒಳ್ಳೆಯದೋ ಕೆಟ್ಟದ್ದೋ ತಿಳಿಯಲಿಲ್ಲ. ಮಕ್ಕಳು, ಸಾರ್ ಅದನ್ನ ಆಗಲೇ ಹೇಳಿದ್ರಿ ಎಂದವು.

ಎರಡನೇ ಪಿರಿಯಡ್ ಹೊತ್ತಿಗೆ ಬಂದಳು. ಕೈಯಲ್ಲಿ ಸ್ಟೀಲ್ ಡಬ್ಬಿ. ತಾತ ಹತ್ತಿರದಲ್ಲಿ ನಿಂತು ಮೂರು ನೀರಿನಲ್ಲಿ ತೊಳೆಸಿದನಂತೆ, ಸಾರ್ ಮುಟ್ಟೋದು, ಚೆನ್ನಾಗಿ ತೊಳಿ ಎಂದನಂತೆ, ಅದಕ್ಕೇ ತಡವಾಯಿತಂತೆ.

ಡಬ್ಬಿ ಮೇಜಿನ ಮೇಲಿಟ್ಟು ಮುಚ್ಚಳ ತೆಗೆದಳು. ಇಡೀ ತರಗತಿ ಮೇಜಿನ ಸುತ್ತ. ಪಾಲಾಕ್ಷ ಫೋನು ಹಿಡಿದ. ನಾನು ತೋಳು ಮಡಚಿದೆ, ಮತ್ತೆ ಬಿಚ್ಚಿ ಇನ್ನೂ ಮೇಲಕ್ಕೆ ಮಡಚಿದೆ. ಮಾಲಾ ಅವಸರ ಮಾಡಲಿಲ್ಲ. ಕೈ ಹಾಕಿದೆ.

ತಣ್ಣಗಿತ್ತು. ಜಾರಿತು. ಬೆಳಿಗ್ಗೆ ಮಾಡಿದ ಪೂಜೆ, ಅಪ್ಪನ ಮುಖ, ಎಲ್ಲ ಒಟ್ಟಿಗೆ ಬಂದವು. ಈ ಹುಡುಗಿಗೂ ಅವತ್ತು ಹೀಗೇ ಆಗಿರಬೇಕು, ನಾನು ಅವಳಿಗೆ ಭಾಷಣ ಮಾಡುತ್ತಿದ್ದೆ. ಬಿಡಲಿಲ್ಲ. ಬಾಯಿ ಅಗಲ ಮಾಡಿ ಹಿಡೀರಿ ಸಾರ್ ಎಂದಳು, ಹಿಡಿದೆ. ಬೆಲ್ಲದ ನೀರು ಸುರಿದಳು. ಚಿಕ್ಕಮ್ಮನ ಮಗ್ಗದಿಂದ ತಂದ ರೇಷ್ಮೆ ಎಳೆಯಿಂದ ಬಿಗಿದು ಕಟ್ಟಿ, ಬೋಗುಣಿಯ ನೀರಿನಲ್ಲಿ ಇಳಿಬಿಟ್ಟೆವು. ಅದು ಅಡಿಗೆ ಹೋಗಿ ಜೋಲುಮುಖ ಹಾಕಿ ಕೂತಿತು.

ಮಧ್ಯಾಹ್ನದ ತನಕ ಒಬ್ಬರಿಗೂ ಬೇರೆ ಕೆಲಸ ಬೇಡವಾಗಿತ್ತು. ಗಣಿತದವರು ಬಂದು ಇಣುಕಿ ಏನಿದು ಎಂದು ಕೇಳಿ, ಉತ್ತರ ಕೇಳಿಸಿಕೊಂಡು ಬೇಗ ಹೋದರು. ಊಟದ ಗಂಟೆ ಹೊಡೆದ ಮೇಲೆ ನೋಡಿದರೆ ಆ ಜೋಲು ಮಾಯವಾಗಿತ್ತು. ಸಂಜೆಯ ಹೊತ್ತಿಗೆ ಬಿಗಿಯಾಗಿ ಗುಂಡಗಾಗಿತ್ತು. ನಾನು ಎರಡೂ ಕೈ ಹಾಕಿ ಎತ್ತಿದೆ, ಒತ್ತಿ ನೋಡಿದೆ, ಕಿವಿಯ ಹತ್ತಿರ ಹಿಡಿದು ಬೆರಳಲ್ಲಿ ತಟ್ಟಿದೆ, ಉಬ್ಬೈತೆ ನೋಡ್ರೋ ಎಂದು ಕೂಗಿದೆ. ಮಕ್ಕಳೆಲ್ಲ ನಗುವುದನ್ನು ಕಂಡು ಯಾಕೆಂದು ನೋಡಿದರೆ, ಅದನ್ನು ಅಂಗಿಗೆ ಒತ್ತಿಕೊಂಡು ನಿಂತಿದ್ದೇನೆ. ಇಸ್ತ್ರಿ ಅಂಗಿಯೆಲ್ಲ ನೀರು. ಮಾಲಾ ಕೂಡ ನಕ್ಕಳು. ನಕ್ಕು ಕ್ಯಾಮೆರಾ ಕಡೆ ತಿರುಗಿ, ಬೆಲ್ಲದ ನೀರು ಒಳಗೈತೆ, ಅದಕ್ಕೇ ಹೊರಗಿನ ನೀರು ಪೊರೆ ದಾಟಿ ಅದರ ಕಡೆ ಹೋತು ಎಂದು ವಿವರಿಸಿದಳು. ನಡುವೆ ತೆಲುಗು ಬಂದರೆ ತಡೆಯಬೇಡ ಎಂದಿದ್ದೆ. ಬಂತು. ಎಲ್ಲರಿಗೂ ತಿಳಿಯಿತು.

ಮನೆಯ ಹಿತ್ತಲಲ್ಲಿ ಕಮಲಾಕ್ಷಮ್ಮನೇ ನೀರು ಹಾಕಿದಳು. ಹಾಕುತ್ತ, ಉಬ್ಬಿತಾ ಎಂದು ಕೇಳಿದಳು. ಹೇಳಿದೆ. ಅದು ಹೇಗೆ ಉಬ್ಬಿತು ಎಂದಳು. ಅದನ್ನೂ ಹೇಳಿದೆ. ಹಂಡೆ ಖಾಲಿಯಾದರೂ ಹೇಳುತ್ತಿದ್ದೆ.

೬ ಆಗಸ್ಟ್, ಮಂಗಳವಾರ

ಬೆಳಿಗ್ಗೆ ಹಾಜರಿ ಕರೆಯುವಾಗ ಮಾಲಾಳ ಹೆಸರು ಬರುವ ಮೊದಲೇ ತಲೆ ಎತ್ತಿ ನೋಡಿಬಿಟ್ಟೆ. ಸೋಮವಾರ ಬರ್ತೀನಿ ಎಂದದ್ದು ಅದೊಂದು ದಿನಕ್ಕೋ, ಯಾವಾಗಲೂ ಬರುತ್ತೇನೆಂದೋ ನಾನು ಕೇಳಿರಲಿಲ್ಲ, ಕೇಳಲು ಧೈರ್ಯವಿರಲಿಲ್ಲ. ಕೂತಿದ್ದಳು. ಚಿಕ್ಕಮ್ಮನಿಗೆ ಏನು ಹೇಳಿದೆ ಎಂದೆ. ರಜದಾಗೆ ಬರ್ತೀನಿ ಅಂದೆ ಸಾರ್ ಎಂದಳು.

ಊಟದ ಹೊತ್ತಿನಲ್ಲಿ ವಿಡಿಯೊ ತಯಾರಾಯಿತು. ದಾಕ್ಷಾಯಿಣಿ ಮೇಡಂ ರೂಮಿನಲ್ಲಿ ಎಲ್ಲರೂ ನೋಡಿದೆವು. ಮಾಲಾ ಇದ್ದಾಳೆ, ಬೋಗುಣಿ ಇದೆ, ಚೀಲ ಇದೆ. ನಾನಿರುವುದು ಬೆರಳಿನಿಂದ ಮಣಿಕಟ್ಟಿನ ತನಕ ಮಾತ್ರ. ಒಂದು ಕಡೆ ನನ್ನ ಕೈ ಡಬ್ಬಿಯ ಅಂಚಿನಲ್ಲೇ ನಿಂತುಬಿಡುವುದು ಚೆನ್ನಾಗಿ ಕಾಣುತ್ತದೆ. ಅದನ್ನು ತೆಗೀಲಾ ಎಂದು ಪಾಲಾಕ್ಷ ಮಾಲಾಳನ್ನು ಕೇಳಿದ್ದನಂತೆ, ಇರಲಿ ಎಂದಳಂತೆ. ನನ್ನನ್ನು ಯಾರೂ ಕೇಳಿರಲಿಲ್ಲ.

ಕೊನೆಯಲ್ಲಿ ಹೆಸರುಗಳು ಬಂದವು.

ಪಾಠ: ಮಾಲಾ
ಕ್ಯಾಮೆರಾ: ಪಾಲಾಕ್ಷ
ಕೈ: ಸೋಮಶೇಖರಪ್ಪ ಸಾರ್

ಮೇಡಂ ಕನ್ನಡಕ ತೆಗೆದು ಒರೆಸಿಕೊಳ್ಳುತ್ತ, ಸ್ಪರ್ಧೆಗೆ ಕಳಿಸಬೇಕಾದರೆ ಮಾರ್ಗದರ್ಶನ ಯಾರದೆಂದು ಹಾಕಲೇಬೇಕಲ್ಲ ಸಾರ್ ಎಂದರು. ನಾನು ಮಾಲಾಳ ಕಡೆ ನೋಡಿದೆ. ಅವಳು ಮೇಡಂ ಕಡೆ ತಿರುಗಿದಳು.

"ಉಬ್ತೈತೋ ಇಲ್ವೋ ಸಾರ್‌ಗೂ ಗೊತ್ತಿರ್ಲಿಲ್ಲ ಮೇಡಂ. ಹಿಡ್ಕಂಡಿದ್ದು ಅವ್ರೇ. ಅದನ್ನ ಹಾಕಿದೀನಿ."

ಹಾಗಾದರೆ ಸ್ಪರ್ಧೆಗೆ ಆಗುವುದಿಲ್ಲವಲ್ಲ ಎಂದರು ಮೇಡಂ. ಹುಡುಗಿ ಹಾಕಿದ್ದು ಸರಿಯಾಗಿಯೇ ಇದೆ, ಹಾಗೇ ಇರಲಿ ಮೇಡಂ ಎಂದೆ. ಗಂಟೆ ಹೊಡೆಯಿತು. ಮಾಲಾ ಹೋಗಿ ತನ್ನ ಬೆಂಚಿನಲ್ಲಿ ಕೂತಳು.